ಆಂಟಿ ತಡೆದ ಒಂದು ಚಮಚ ಔಷಧಿ

ಔಷಧಿ ತುಂಬಿದ ಚಮಚ ಇನ್ನೇನು ಮಗಳ ತುಟಿಗೆ ತಾಗಬೇಕು, ಸಿಂಗಪುರದ ನಮ್ಮ ಎದುರು ಫ್ಲಾಟಿನ ಆಂಟಿ ನನ್ನ ಕೈ ಹಿಡಿದುಬಿಟ್ಟರು. ಅವರು ನಿವೃತ್ತ ನರ್ಸ್. ಐದು ವರ್ಷದ ಮಗಳಿಗೆ ಬೆಳಗಿನಿಂದ ರಕ್ತಭೇದಿ. ಹುಬ್ಬಳ್ಳಿಯಿಂದ ತಂದಿಟ್ಟಿದ್ದ ಆ್ಯಂಟಿಬಯೋಟಿಕ್ ಕೊಡಲು ಹೊರಟಿದ್ದೆ.

“ವೇಟ್ ಲಾ! ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದೆ ಕೊಡಬೇಡ,” ಎಂದು ಸಿಂಗಪುರದವರ ಇಂಗ್ಲಿಷ್ ಧಾಟಿಯಲ್ಲಿ ಗದರಿ, ಟ್ಯಾಕ್ಸಿ ಬುಕ್ ಮಾಡಿ, ತಾವೇ ಆಸ್ಪತ್ರೆಗೆ ಕರೆದೊಯ್ದರು.

ಮಲ ಪರೀಕ್ಷೆಯಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿ ಸಿಕ್ಕಿತು. “ಟೈಫಾಯ್ಡ್ ಆಗಿದ್ದರೆ ನಾವೇ ಆ್ಯಂಟಿಬಯೋಟಿಕ್ ಕೊಡುತ್ತಿದ್ದೆವು. ಇದಕ್ಕೆ ಕೊಟ್ಟರೆ ಬ್ಯಾಕ್ಟೀರಿಯಾ ಬಿಡುವ ವಿಷ ಹೆಚ್ಚಾಗಿ ಕಿಡ್ನಿಗೆ ಪೆಟ್ಟು ಬೀಳಬಹುದು,” ಎಂದರು ಡಾಕ್ಟರ್. ಡ್ರಿಪ್ ಹಾಕಿ, ದಿನವೂ ರಕ್ತ ಪರೀಕ್ಷಿಸಿ ಕಾದರು. ವಾರ ಕಳೆದು ಮಗಳು ನಡೆದುಕೊಂಡೇ ಮನೆಗೆ ಬಂದಳು.

ಬುಕಿತ್ ಬಾಟೋಕ್ ಬಡಾವಣೆಯ ನಮ್ಮ ಬ್ಲಾಕಿನ ಮಕ್ಕಳೆಲ್ಲ ಅವರನ್ನು ಆಂಟಿ ಎನ್ನುತ್ತಾರೆ. ನನ್ನ ಮಗಳಿಗೆ ‘ಅಜ್ಜಿ’ ಎನ್ನಲು ಕಲಿಸಿದ್ದೇನೆ.