ಏಳಬಾರದ ಕುರ್ಚಿ

ಲಂಡನ್ನಿನ ಅಂಚಿನ ಗ್ರೀನ್‌ಫರ್ಡಿನಲ್ಲಿರುವ ನನ್ನ ಗೋದಾಮಿಗೆ ಪ್ಲಾಸ್ಟಿಕ್ ಕುರ್ಚಿಗಳ ಲಾರಿ ಬಂದು ಹಿಂಬಾಗಿಲು ತೆರೆದಾಗ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಮಂದ ವಾಸನೆ ಮುಖಕ್ಕೆ ಬಡಿಯುತ್ತದೆ. ಮಾಲು ಇಳಿಸಿಕೊಳ್ಳುವುದು ಮರೆತೇಹೋಗುತ್ತದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಲಂಡನ್ನಿನ ದೊಡ್ಡ ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ, ಅಂಥದೇ ಕುರ್ಚಿಗಳ ಸಾಲಿನಲ್ಲಿ ಹತ್ತು ವರ್ಷದ ನಾನು ಅಪ್ಪ ಮತ್ತು ದೊಡ್ಡಪ್ಪನ ನಡುವೆ ಕೂತಿದ್ದೆ.

ದಕ್ಷಿಣ ಲಂಡನ್ನಿನ ಕ್ರೋಯ್ಡನ್ನಿನಲ್ಲಿದ್ದ ನಮ್ಮ ಮನೆಯಲ್ಲಿ, ಜೊತೆಗೇ ಇದ್ದ ದೊಡ್ಡಪ್ಪನದೊಂದು ಕಟ್ಟಳೆಯಿತ್ತು. ನಮ್ಮ ಭಾರತದವರ ಜೋಡಿ ನಿಂತು ಆಡುತ್ತಿದ್ದರೆ ಟೀವಿ ಮುಂದೆ ಕೂತವರು ಕೂತಲ್ಲೇ ಇರಬೇಕು. ಎದ್ದರೆ ವಿಕೆಟ್ ಬೀಳುತ್ತದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ನಮ್ಮೂರು ವಿಜಯಪುರದ ಆ ನಂಬಿಕೆಯನ್ನು ಅವರು ಸ್ಟೇಡಿಯಮ್ಮಿಗೂ ಹೊತ್ತು ತಂದಿದ್ದರು. ಹೊರಗುಳಿದದ್ದು ಬುತ್ತಿ. ಸ್ಟೀಲ್ ಡಬ್ಬಿ ಒಳಗೆ ಬಿಡುವುದಿಲ್ಲವೆಂದು ಗೇಟಿನವನು ತಡೆದಾಗ, ಆಟ ತಪ್ಪೀತೆಂಬ ಅವಸರದಲ್ಲಿ ಅಪ್ಪ ಇಡೀ ಚೀಲವನ್ನೇ ಅಲ್ಲಿ ಒಪ್ಪಿಸಿ ಬಂದರು. ಮೈಯಲ್ಲಿ ಸಕ್ಕರೆ ಇಳಿದಾಗ ತಿನ್ನಲೆಂದಿದ್ದ ದೊಡ್ಡಪ್ಪನ ಬಿಸ್ಕತ್ತು ಅದರಲ್ಲೇ ಉಳಿಯಿತು. ಸಕ್ಕರೆ ಕಾಯಿಲೆಯವರನ್ನು ಕರೆದೊಯ್ಯುವವರಿಗೆ ನನ್ನದೊಂದು ಮಾತು: ಸಿಹಿಯನ್ನು ಜೇಬಿನಲ್ಲಿಡಿ, ಚೀಲದಲ್ಲಿ ಬೇಡ.

ಮಧ್ಯಾಹ್ನ ದಾಟಿತ್ತು. ನಮ್ಮವರಿಬ್ಬರು ಗಟ್ಟಿಯಾಗಿ ನಿಂತಿದ್ದರು. ದೊಡ್ಡಪ್ಪನ ಕುತ್ತಿಗೆ ಬೆವರಿ, ಮೊಣಕಾಲ ಮೇಲಿಟ್ಟ ಕೈ ನಡುಗುವುದನ್ನು ಕಂಡೆ. ಬೆವರಿ ತೊದಲಿದರೆ ತಡಮಾಡದೆ ಏನಾದರೂ ಸಿಹಿ ಕೊಡು ಎಂದು ಬೆಳಿಗ್ಗೆ ಅವ್ವ ನನಗೇ ಹೇಳಿ ಕಳಿಸಿದ್ದಳು.

"ಅಪ್ಪಾ, ದೊಡ್ಡಪ್ಪಗ ಏನೋ ಆಗಾಕತ್ತೇತಿ."

"ಬಿಸಲಿಗೆ, ಮಗಳ. ಕುಂದರು, ಇದೊಂದು ಓವರ್ ಮುಗೀಲಿ." ಅಪ್ಪನ ಕಣ್ಣು ಮೈದಾನ ಬಿಡಲಿಲ್ಲ.

"ಏಳ... ಬ್ಯಾಡ್ರಿ" ಎಂದರು ದೊಡ್ಡಪ್ಪ, ನಾಲಿಗೆ ಹೊರಳದೆ.

ಎದ್ದರೆ ವಿಕೆಟ್ ಹೋಗುತ್ತದೆ, ಕೂತರೆ ದೊಡ್ಡಪ್ಪ. ಎದ್ದೆ. ಎರಡು ಸಾಲು ಕೆಳಗೆ, ಬೋಳುತಲೆ ಬಿಸಿಲಿಗೆ ಕೆಂಪಗೆ ಸುಟ್ಟಿದ್ದ ಇಂಗ್ಲೆಂಡಿನವರೊಬ್ಬರ ಕಾಲ ಬಳಿ ತೆರೆಯದ ಕೋಲಾ ಕ್ಯಾನ್ ಇತ್ತು. ಬೇಡಲು ಹೋದರೆ ಕಥೆಯೆಲ್ಲ ಹೇಳಬೇಕು. ಎದುರಿನವರಿಗೆ ಏನು ಬೇಕೋ ಅದನ್ನು ಮುಂದಿಡುವುದೇ ಬೇಗ. ಕಿವಿಯವರೆಗೆ ಇಳಿಯುತ್ತಿದ್ದ ನನ್ನ ಟೋಪಿ ತೆಗೆದು ಚಾಚಿ, ಕ್ಯಾನ್ ತೋರಿಸಿದೆ. "ಡೀಲ್, ಡಾರ್ಲಿಂಗ್" ಎಂದು ಅವರು ನಕ್ಕ ಹೊತ್ತಿಗೇ ಸ್ಟೇಡಿಯಂ ಹೋ ಎಂದಿತು. ನಮ್ಮ ವಿಕೆಟ್ ಬಿದ್ದಿತ್ತು.

ಕ್ಯಾನ್ ಹಿಡಿದು ಮರಳಿದಾಗ ಅಪ್ಪ ಬಿಳಿಚಿಕೊಂಡು ದೊಡ್ಡಪ್ಪನ ಬೆನ್ನು ಹಿಡಿದಿದ್ದರು. ಗುಟುಕು ಗುಟುಕಾಗಿ ಅರ್ಧ ಕ್ಯಾನ್ ಇಳಿದ ಮೇಲೆ, ಎಷ್ಟೋ ಹೊತ್ತಿಗೆ, ದೊಡ್ಡಪ್ಪನ ಕಣ್ಣು ನನ್ನ ಗುರುತು ಹಿಡಿಯಿತು.

"ಔಟಾದನೇನು?"

"ಹ್ಞೂಂ."

"ನೀ ಎದ್ದಿ, ಅದಕ್ಕ."

ಆದರೆ ರೈಲು ಕ್ರೋಯ್ಡನ್ ಮುಟ್ಟುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ. ಮುಂದೆ ಮನೆಗೆ ಬಂದವರಿಗೆಲ್ಲ "ಇಕಿನ್ನ ನೋಡ್ರಿ, ಆ ಮ್ಯಾಚ್ ಸೋಲಿಸಿದಾಕಿ" ಎಂದೇ ನನ್ನ ಪರಿಚಯ. ನಾನು ಕಾಲೇಜು ಸೇರುವ ಹೊತ್ತಿಗೆ ಅವರು ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಅಪ್ಪ, ಅವ್ವ. ಮನೆ ಖಾಲಿ ಮಾಡಿದ ದಿನ, ದೊಡ್ಡಪ್ಪ ಕೂತು ಕೂತು ಒಂದು ಮೂಲೆ ತಗ್ಗುಬಿದ್ದಿದ್ದ ಸೋಫಾ ನೋಡಲು ಯಾರೋ ಬಂದು, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರು. ಯಾವುದಕ್ಕಾದರೂ ನಿಂತ ನಿಲುವಿನಲ್ಲಿ ಬೆಲೆ ಹೇಳುವ ನಾನು ಹೋಗಿ ಆ ತಗ್ಗಿನಲ್ಲಿ ಕೂತೆ. ಅವರು ಹೊರಟುಹೋಗುವವರೆಗೂ ಏಳಲಿಲ್ಲ.