ಮಾವ ಬೈಯದ ದಿನದ ಕೋಳಿ

ನಮ್ಮ ಮಾವನವರು ಇಡೀ ವರ್ಷದಲ್ಲಿ ಒಂದೇ ಒಂದು ದಿನ ಯಾರನ್ನೂ ಬೈಯುತ್ತಿರಲಿಲ್ಲ. ಅದು ಯುಗಾದಿಯ ಮಾರನೆಯ ದಿನ, ವರ್ಷತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅತ್ತರೆ ವರ್ಷವೆಲ್ಲ ಅಳು, ಜಗಳವಾಡಿದರೆ ವರ್ಷವೆಲ್ಲ ಜಗಳ, ಹೊಟ್ಟೆ ತುಂಬ ಬಾಡೂಟ ಉಂಡರೆ ವರ್ಷವೆಲ್ಲ ಹೊಟ್ಟೆ ತುಂಬ. ಹಾಗಾಗಿ ಅವತ್ತು ಮಕ್ಕಳು ಹಾಲಿನ ಪಾತ್ರೆ ಉರುಳಿಸಿದರೂ ಯಾರೂ ಗದರುವುದಿಲ್ಲ. ಬೇರೆಯವರಿಗೆ ಇದೇನು ಮಹಾ ಕಷ್ಟವಲ್ಲ. ಮಾವನವರಿಗೆ ಮಾತ್ರ ಉಪವಾಸಕ್ಕಿಂತ ಕಷ್ಟ. ಬೆಳಗ್ಗೆ ಮುಖ ತೊಳೆದ ಕೂಡಲೇ ಎಲೆ ಅಡಿಕೆ ಬಾಯಿಗೆ ತುಂಬಿಕೊಂಡರೆ ಮಲಗುವ ತನಕ ಒಂದು ಮುಗಿಯುತ್ತಲೇ ಇನ್ನೊಂದು. “ಬಾಯಿ ಖಾಲಿ ಇದ್ರೆ ಬೈಗ್ಳ ತಾನಾಗೇ ಬತ್ತದೆ ಮಗ, ಅದ್ಕೆ ಬೀಗ ಆಕಿವ್ನಿ” ಎಂದು ಕೆಂಪು ತುಟಿಯ ಸಂದಿಯಿಂದಲೇ ಹೇಳುತ್ತಿದ್ದರು.

ಹೆಸರು ಪುಟ್ಟಮಾದಯ್ಯ. ತಗಡೂರಿನ ಪಕ್ಕದ ಹಳ್ಳಿಯವರು, ನಂಜನಗೂಡಿಗೂ ನರಸೀಪುರಕ್ಕೂ ಬಸ್ಸು ಓಡಿಸುತ್ತಿದ್ದ ಡ್ರೈವರು. ನಾನು ನರಸೀಪುರದವಳು. ಕಾಲೇಜಿಗೆ ನಂಜನಗೂಡಿಗೆ ಹೋಗುತ್ತಿದ್ದ ಕಾಲದಲ್ಲೇ ಅವರಿಂದ ಬೈಸಿಕೊಂಡಿದ್ದೆ. ಸ್ಟಾಪಿನಲ್ಲಿ ಪುಸ್ತಕ ಓದುತ್ತ ನಿಂತಿದ್ದಾಗ ಬಸ್ಸು ನನ್ನ ಮೂಗಿನ ಹತ್ತಿರವೇ ನಿಂತು, ಕಿಟಕಿಯಿಂದ ಒಂದು ತಲೆ ಹೊರಬಂತು. “ಏನ್ ಕೂಸೇ, ಬಸ್ ಬಂದ್ರೂ ಪುಸ್ತಕ್ದೊಳ್ಗೇ ಮಕ ಮಡಿಕಂಡಿದ್ದೀಯಲ್ಲ, ನಿನ್ನೇನ್ ಎತ್ಕಂಡ್ ಬಂದು ಸೀಟ್ ಮ್ಯಾಲೆ ಕೂರುಸ್ಬೇಕಾ?” ಇಡೀ ಬಸ್ಸು ನಕ್ಕಿತು. ನಾಚಿಕೆಯಿಂದ ಸತ್ತೇ ಹೋದೆ ಅನ್ನಿಸಿತು ನನಗೆ.

ಮುಂದೆ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರಲ್ಲಿ ಮೊದಲು ಕಂಡದ್ದು ಅದೇ ತಲೆ! ಅವರೂ ಗುರುತು ಹಿಡಿದರು. “ಓಹೋ, ಈ ಕೂಸಾ? ನಾನ್ ಬೈದ್ರೂ ಮಾರನೇ ದಿನ ಬಂದು ನನ್ ಇಂದ್ಗಡೆ ಸೀಟ್ನಲ್ಲೇ ಕೂತ್ಕತ್ತಿತ್ತು. ಇದು ನಮ್ಮನೇಲಿ ಬಾಳ್ತದೆ ಬುಡಿ” ಎಂದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ, ಜಾತಕ ಗೀತಕ ಏನೂ ಇಲ್ಲ.

ಬಂದು ನೋಡಿದರೆ ಆ ಮನೆಯಲ್ಲಿ ಬೈಗುಳವೇ ಸುಪ್ರಭಾತ. ಪಂಪ್‌ಸೆಟ್ಟು ಓಡದಿದ್ದರೆ ಪಂಪ್‌ಸೆಟ್ಟಿಗೆ, ಕರೆಂಟು ಹೋದರೆ ಕಂಬಕ್ಕೆ, ಟೀವಿಯಲ್ಲಿ ಸುದ್ದಿ ಓದುವವನಿಗೆ, ಯಾರೂ ಸಿಗದಿದ್ದರೆ ಅಂಗಳದ ಕೋಳಿಗೆ, “ಬಡ್ಡೆತ್ತದ್ದೆ, ಮುಂಡೇದೆ” ಎಂದು ಶುರುವಾಗಿಬಿಡುತ್ತಿತ್ತು. ಆದರೆ ತಲೆಯ ಮೇಲೆ ಮೂಟೆ ಹೊತ್ತ ಮುದುಕಿಯನ್ನು ಬೈಯುತ್ತಲೇ ಅವಳ ಹೊಲದ ಬದುವಿನ ಹತ್ತಿರವೇ ಬಸ್ಸು ನಿಲ್ಲಿಸಿ ಇಳಿಸುತ್ತಿದ್ದ ಜನ ಅವರು. ಅತ್ತೆ ನಂಜಮ್ಮನೂ ಕಮ್ಮಿಯಿರಲಿಲ್ಲ. ಒಂದಕ್ಕೆ ಎರಡು ಸೇರಿಸಿ ತಿರುಗಿಸಿ ಕೊಡುತ್ತಿದ್ದರು. “ಬಸ್ನಾಗೆ ಆರನ್ ಒಡ್ದು ಒಡ್ದು ಮನೇಲೂ ಅದೇ ಅಭ್ಯಾಸ ಆಗದೆ ನಿಮ್ಗೆ” ಅನ್ನುವರು. ಇಬ್ಬರೂ ಹೀಗೆ ಆಡಿಕೊಳ್ಳದೆ ನಮ್ಮ ಮನೆಗೆ ಬೆಳಗಾಗುತ್ತಿರಲಿಲ್ಲ.

ಆಮೇಲೆ ಅತ್ತೆಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, “ಎಣ್ಣೆ ತುಂಬ ಕಮ್ಮಿ ಮಾಡಿ, ಕರಿದಿದ್ದು ಬೇಡ. ಕೋಳಿ ತಿನ್ನಬಹುದು, ಚರ್ಮ ತೆಗೆದು, ಎಣ್ಣೆ ಹಾಕದೆ” ಎಂದು ನಿಧಾನವಾಗಿ, ಬಿಡಿಸಿ ಹೇಳಿದರು. ಪಕ್ಕದಲ್ಲಿ ನಿಂತು ನಾನೂ ಕೇಳಿಸಿಕೊಂಡೆ. ಅತ್ತೆಯ ಕಿವಿಗೆ ಬಿದ್ದದ್ದು ‘ಬೇಡ’ ಅನ್ನುವ ಒಂದೇ ಮಾತು. ಮನೆಗೆ ಬಂದವರೇ ಎಲ್ಲವನ್ನೂ ಬಿಟ್ಟರು. ಬಾಡು ಬಿಟ್ಟರು, ಒಗ್ಗರಣೆ ಹಾಕಿದ ಸಾರು ಬಿಟ್ಟರು, ಕೊನೆಗೆ ಗಂಜಿಯೊಂದೇ ಉಳಿಯಿತು. ಗಟ್ಟಿಯಾಗಿ ನಗುವುದನ್ನೂ ಬಿಟ್ಟರು. ಯಾಕತ್ತೆ ಅಂದರೆ, “ನಕ್ರೆ ಒಳಗಿರ ತಂತಿ ಜರುಗ್ಬುಟ್ರೆ?” ಎಂದು ಎದೆ ಮುಟ್ಟಿಕೊಂಡರು. ಕೈಬಳೆ ಮೊಣಕೈವರೆಗೂ ಜಾರುವ ಹಾಗಾಯಿತು.

ಮಾವನವರಿಗೆ ಗೊತ್ತಿದ್ದ ಔಷಧಿ ಒಂದೇ, ಬೈಗುಳ. “ತಿನ್ನಮ್ಮೀ! ಡಾಕ್ಟ್ರೇ ತಿನ್ನು ಅಂದವ್ರೆ, ನೀನ್ಯಾವ್ ದೊಡ್ ಡಾಕ್ಟ್ರು?” ಎಂದು ದಿನಾ ಕೂಗಾಡಿದರು. ಒಂದು ದಿನ ಹೀಗೇ ಕೂಗಾಡುತ್ತಿದ್ದಾಗ, ಒಂದಕ್ಕೆ ಎರಡು ಕೊಡುತ್ತಿದ್ದ ನಮ್ಮ ಅತ್ತೆ ಏನೂ ಅನ್ನದೆ ಕೂತಲ್ಲೇ ಕಣ್ಣೀರು ಹಾಕಿದರು. ಗಂಜಿ ಬಟ್ಟಲಿಗೇ ಬಿತ್ತು ಕಣ್ಣೀರು. ಮಾವನವರ ಮಾತು ಅರ್ಧಕ್ಕೇ ನಿಂತಿತು. ಎದ್ದು ಹೋಗಿ ಜಗಲಿಯ ಮೇಲೆ ಕೂತವರು ಊಟಕ್ಕೂ ಒಳಗೆ ಬರಲಿಲ್ಲ. ಅವತ್ತಿನಿಂದ ಅತ್ತೆಯ ಮುಂದೆ ದನಿ ಎತ್ತಲಿಲ್ಲ. ಅತ್ತೆಯ ಪಾಲಿನ ಬೈಗುಳವೂ ಸೇರಿ ನಮಗೇ ಬರತೊಡಗಿತು.

ಇಂಥ ಹೊತ್ತಿನಲ್ಲಿ ನನ್ನ ಗಂಡ ಮಹೇಶ್ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದಲ್ಲಿ ಹಬ್ಬದ ದಿನ ಮನೆಯ ಹೊರಗೆ ದೊಡ್ಡ ಡಬ್ಬ ಇಟ್ಟು ಅದರೊಳಗೆ ಇಡೀ ಕೋಳಿ ಇಳಿಬಿಡುತ್ತಾರೆ. ಒಂದು ತೊಟ್ಟು ಎಣ್ಣೆ ಇಲ್ಲ, ಡಬ್ಬದ ಗೋಡೆಯ ಕಾವಿಗೇ ಕರಿದ ಹಾಗೆ ಬೇಯುತ್ತದೆ. ಮಾವ ಅದನ್ನು ಮತ್ತೆ ಮತ್ತೆ ನೋಡಿದರು. ಮಾರನೆಯ ದಿನ ಬೆಳಗ್ಗೆ ಅತ್ತೆಯ ಅಕ್ಕಿ ಡ್ರಮ್ಮು ನಾಪತ್ತೆ! ಅಕ್ಕಿಯೆಲ್ಲ ಗೋಣಿಚೀಲಕ್ಕೆ ಸುರಿದು, ಸ್ಟೀಲ್ ಡ್ರಮ್ಮನ್ನು ಹೊತ್ತುಕೊಂಡು ನಂಜನಗೂಡಿನ ವೆಲ್ಡಿಂಗ್ ಅಂಗಡಿಗೆ ಹೋಗಿದ್ದರು. ವೆಲ್ಡಿಂಗಿನವನಿಗೆ ಸಂಜೆವರೆಗೂ ಬೈದು ಬೈದು ಮಾಡಿಸಿಕೊಂಡು ತಂದದ್ದು ಹೀಗಿತ್ತು. ಹೊರಗೆ ಅಗಲವಾದ ಕಬ್ಬಿಣದ ಪೀಪಾಯಿ, ಒಳಗೆ ನಮ್ಮ ಅಕ್ಕಿ ಡ್ರಮ್ಮು, ಎರಡರ ನಡುವೆ ಗೇಣಗಲ ಜಾಗ. ಆ ಜಾಗಕ್ಕೆ ತೆಂಗಿನ ಚಿಪ್ಪು ತುಂಬಿ ಬೆಂಕಿ ಹಾಕುವುದು, ಒಳಗೆ ಕೊಕ್ಕೆಗೆ ಕೋಳಿ ತೂಗುಹಾಕಿ ಮುಚ್ಚಳ ಮುಚ್ಚುವುದು.

“ಇದ್ಯಾಕೆ ಮಾವ?” ಅಂದೆ.

“ತೊಡಕಿನ್ ದಿನ ಗಂಜಿ ಕುಡುದ್ರೆ ವರ್ಸೆಲ್ಲ ಗಂಜಿನೇಯ ಮಗ. ಅವತ್ತೊಂದಿನ ಎಂಗಾರ ಮಾಡಿ ಅವ್ಳಿಗೆ ನಾಕ್ ತುತ್ತು ಉಣ್ಸ್ಬುಡ್ಬೇಕು. ಒಂದ್ಸಲ ಉಂಡು ಏನೂ ಆಗ್ನಿಲ್ಲ ಅಂತ ಗೊತ್ತಾದ್ರೆ ಎದ್ರಿಕೆ ಓಯ್ತದೆ. ಎದ್ರಿಕೆ ಓಗ್ನಿಲ್ಲ ಅಂದ್ರೆ ಎದೆನೋವಲ್ಲ, ಎದ್ರಿಕೆನೇ ತಕಂಡೋಯ್ತದೆ ಅವ್ಳ” ಎಂದರು. ಬೈಗುಳವಿಲ್ಲದೆ ಅಷ್ಟುದ್ದ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಮೊದಲ ವರ್ಷ ಎಡವಟ್ಟಾಯಿತು. ಕವಲಂದೆಯ ಸಂತೆಗೆ ಹೋಗಿ, ತೊಡಕಿಗೆ ತಕ್ಕ ಹಾಗಿರಲಿ ಎಂದು ಊರಿಗೇ ದೊಡ್ಡದಾದ ಹುಂಜ ತಂದರು. ಉಪ್ಪು, ಮೆಣಸು, ಬೆಳ್ಳುಳ್ಳಿ, ನಿಂಬೆರಸ ನಾನೇ ಸವರಿಕೊಟ್ಟೆ. ಡ್ರಮ್ಮಿಗೆ ಇಳಿಬಿಟ್ಟಿದ್ದೇನೋ ಆಯಿತು, ಆದರೆ ಈ ಮನುಷ್ಯನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಗಳಿಗೆಗೊಮ್ಮೆ ಮುಚ್ಚಳ ಎತ್ತಿ ಇಣುಕಿದರು. ಕಾವೆಲ್ಲ ಹಾರಿಹೋಯಿತು. ಕಾವು ಹೋಯಿತೆಂದು ಇನ್ನಷ್ಟು ಚಿಪ್ಪು ಸುರಿದರು. ಕೊನೆಗೆ ಹುಂಜ ಹೊರಗೆ ಕರ್ರಗೆ, ಒಳಗೆ ಹಸಿ ಹಸಿ. ಬಾಯಿ ತುಂಬ ಎಲೆ ಅಡಿಕೆ ಇದ್ದದ್ದರಿಂದ ಹುಂಜವನ್ನು ಬೈಯಲೂ ಆಗದೆ ಒದ್ದಾಡಿದರು. ಬೆಂದಷ್ಟು ಭಾಗವನ್ನು ಕಿತ್ತು, ಎಣ್ಣೆಯಿಲ್ಲ ನೋಡು ಅಂತ ತೋರಿಸಲು ಪೇಪರಿನ ಮೇಲೆ ಇಟ್ಟರೆ, ಚರ್ಮದ ಜಿಡ್ಡು ಇಳಿದು ಪೇಪರು ಒದ್ದೆಯಾಯಿತು. ಹೊಸ್ತಿಲಲ್ಲಿ ಕೂತಿದ್ದ ಅತ್ತೆ, “ಅದೇನ್ ನೀರಾ?” ಎಂದು ಕೇಳಿ ಗಂಜಿ ಬಟ್ಟಲು ಎತ್ತಿಕೊಂಡರು. ಆ ವರ್ಷವೆಲ್ಲ ಅವರು ಗಂಜಿಯಲ್ಲೇ ಕಳೆದರು.

ಮರುವರ್ಷಕ್ಕೆ ಮಾವ ಪಳಗಿದ್ದರು. ಹುಂಜ ಬೇಡ, ಇನ್ನೂ ಮೊಟ್ಟೆಯಿಡದ ಎಳೆಯ ಯಾಟೆಯೇ ಸರಿ ಎಂದು ಗೊತ್ತುಮಾಡಿಕೊಂಡಿದ್ದರು. ಚರ್ಮ ಸುಲಿದರೆ ಒಣಗುತ್ತದಲ್ಲ ಎಂದು ಅವರು ಅಂದಾಗ, ಮೊಸರು ಸವರಿ ಬಾಳೆ ಎಲೆ ಸುತ್ತೋಣ ಮಾವ ಅಂದೆ. “ಮೇಷ್ಟ್ರಮ್ಮಂಗೆ ಒಸಿ ಬುದ್ದಿ ಅದೆ” ಎಂದರು. ಶಾಲೆಯಲ್ಲಿ ಪಾಠ ಮಾಡುವ ನನಗೆ ಅವರ ಬಾಯಲ್ಲಿ ಅದು ದೊಡ್ಡ ಬಿರುದು. ಎಲ್ಲ ತಯಾರು. ಕ್ಯಾಲೆಂಡರ್ ತೆಗೆದು ನೋಡಿದರೆ ತೊಡಕು ಬಿದ್ದಿರುವುದು ಸೋಮವಾರ! ನಂಜುಂಡೇಶ್ವರನ ವಾರ; ಅವತ್ತು ನಮ್ಮ ಕಡೆ ಬಾಡಿನ ಮಾತೇ ಇಲ್ಲ. “ಲೇ ನಂಜುಂಡಪ್ಪ, ನಿಂಗೆ ಬ್ಯಾರೆ ವಾರ ಸಿಗ್ನಿಲ್ವ?” ಎಂದು ಕ್ಯಾಲೆಂಡರನ್ನೇ ಗದರಿ, ಆಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡರು. ಊರಿಗೆ ಊರೇ ಬಾಡೂಟವನ್ನು ಮಂಗಳವಾರಕ್ಕೆ ಹಾಕಿತು. ಮಂಗಳವಾರ ಯಾಟೆ ಹದವಾಗಿಯೇ ಬೆಂದಿತ್ತು. ಅತ್ತೆ ಮಾತ್ರ, “ತೊಡಕು ನೆನ್ನೇನೇ ಮುಗೀತು. ನೆನ್ನೆ ನಾನು ಗಂಜಿ ಕುಡ್ದಿವ್ನಿ, ಇನ್ ವರ್ಸೆಲ್ಲ ಅದೇಯ” ಎಂದುಬಿಟ್ಟರು. ಮಾವನ ನಂಬಿಕೆಯೇ ಮಾವನಿಗೆ ಅಡ್ಡ ನಿಂತಿತು.

ಅದರ ಮುಂದಿನ ತೊಡಕನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಂಗಳದ ಹೊಂಗೆಮರದ ಕೆಳಗೆ ಡ್ರಮ್ಮು ಸಣ್ಣಗೆ ಹೊಗೆಯಾಡುತ್ತಿತ್ತು. ಮಾವ ಅದರ ಎದುರು ಕುಕ್ಕರುಗಾಲಲ್ಲಿ ಕೂತು ಒಂದೇ ಒಂದು ಸಲವೂ ಮುಚ್ಚಳ ಮುಟ್ಟಲಿಲ್ಲ. ಇಳಿಸಿ ಬಾಳೆ ಎಲೆ ಬಿಡಿಸಿದಾಗ ಬಂದ ಘಮಕ್ಕೆ ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿದರು. ಅತ್ತೆ ಹೊಸ್ತಿಲಲ್ಲೇ ಇದ್ದರು, ಪಕ್ಕದಲ್ಲಿ ಗಂಜಿ ಬಟ್ಟಲು. ಮಾವ ಒಂದು ತುಂಡನ್ನು ತಟ್ಟೆಗಿಟ್ಟುಕೊಂಡು ಎದ್ದರು. ಎದ್ದವರು ಬಾಯಿಯ ಎಲೆ ಅಡಿಕೆಯನ್ನೆಲ್ಲ ಉಗಿದು, ಚೆಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಬೀಗ ತೆಗೆದರಲ್ಲಪ್ಪಾ, ಇನ್ನೇನು ಬೈದೇ ಬಿಡುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಮಹೇಶ್ ಮೆಲ್ಲಗೆ, “ಅಪ್ಪಾ, ತೊಡಕು” ಎಂದರು.

ಮಾವ ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತರು. “ಅಮ್ಮೀ, ಇದ್ರಲ್ಲಿ ಒಸಿ ಜಿಡ್ಡು ಇದ್ರೂ ಇರ್ಬೋದು. ಕೋಳೀದು, ನಾನ್ ಆಕಿದ್ದಲ್ಲ. ಸುಳ್ಳೇಳಕ್ಕಿಲ್ಲ ನಿಂಗೆ” ಎಂದರು. “ನಂಗೂ ಎದ್ರಿಕೆನೇ ಕಣಮ್ಮಿ. ಆಸ್ಪತ್ರೇಲಿ ಬಾಗ್ಲತ್ರ ಕೂತಿದ್ನಲ್ಲ, ಆಗ್ನಿಂದ್ಲೂ ಎದ್ರಿಕೆ. ನೀನು ಉಣ್ದೆ, ಮಾತಾಡ್ದೆ ಇಂಗೆ ಕೂತ್ಬುಟ್ರೆ ನಾನ್ ಯಾರ್ನ ಬೈಲಿ? ಯಾರತ್ರ ಬೈಸ್ಕಳ್ಳಿ?”

ಅತ್ತೆ ಅವರ ಮುಖವನ್ನೇ ನೋಡಿದರು. ಆಮೇಲೆ ಉಗುರಿನಷ್ಟು ಕಿತ್ತು ಬಾಯಿಗಿಟ್ಟುಕೊಂಡರು. ಒಂದು ಕೈ ಎದೆಯ ಮೇಲೇ ಇತ್ತು. ಬಹಳ ಹೊತ್ತು ಅಗಿದು ನುಂಗಿದರು. ಏನೂ ಆಗಲಿಲ್ಲ. ಎದೆಯ ಮೇಲಿದ್ದ ಕೈ ತಾನಾಗಿ ಕೆಳಗಿಳಿದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಿತು. “ಇನ್ನೊಂದ್ ಒಸಿ ಕೊಡಿ” ಎಂದರು. ಅಷ್ಟೇ ನೋಡಿ, ಊರಿಗೆಲ್ಲ ಗದರುತ್ತಿದ್ದ ಆ ಮನುಷ್ಯ ಮಕ್ಕಳ ಹಾಗೆ ಅತ್ತುಬಿಟ್ಟರು. “ಅಯ್ಯೋ, ಅಳ್ಬ್ಯಾಡಿ, ವರ್ಸೆಲ್ಲ ಅಳ್ತೀರ” ಎಂದು ಅತ್ತೆ ಗಾಬರಿಯಾದರು. ಮಾವ ಗಡಿಬಿಡಿಯಿಂದ ಕಣ್ಣೊರೆಸಿಕೊಂಡು ಮತ್ತೆ ಎಲೆ ಅಡಿಕೆ ತುಂಬಿಕೊಂಡರು. ಮಾರನೆಯ ಬೆಳಗ್ಗೆ ಹಳೆಯ ಡ್ರೈವರು ಅತ್ತೆಯ ಮೇಲೆ ಒಂದು ಬೈಗುಳ ಬಿಟ್ಟರು, ಅತ್ತೆ ಎರಡು ತಿರುಗಿಸಿ ಕೊಟ್ಟರು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಆ ವರ್ಷ ಅತ್ತೆ ಚೆನ್ನಾಗಿ ಉಂಡರು, ಚೆನ್ನಾಗಿ ಬೈದರು, ಮೈಕೈ ತುಂಬಿಕೊಂಡರು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಮಾವ ಏಳಲಿಲ್ಲ. ಒಂದು ದಿನವೂ ತಲೆನೋವೆಂದು ಮಲಗಿದವರಲ್ಲ. ಎದೆ ಕೆಟ್ಟವರು ಉಳಿದರು, ಗಟ್ಟಿಯಿದ್ದವರು ಹೋದರು. ನನ್ನ ಹೆತ್ತ ಅಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಯುಗಾದಿ ಬಂತು. ಸಾವಾದ ಮನೆಯಲ್ಲಿ ಹಬ್ಬವಿಲ್ಲ. ತೊಡಕಿನ ದಿನ ಬೀದಿಗೆಲ್ಲ ಮಸಾಲೆಯ ವಾಸನೆ, ನಮ್ಮ ಒಲೆಯ ಮೇಲೆ ಬರೀ ಅನ್ನ, ತಿಳಿಸಾರು. ಅತ್ತೆ ಮತ್ತೆ ಹೊಸ್ತಿಲು ಹಿಡಿದಿದ್ದರು. ಬೆಳಗ್ಗೆಯಿಂದ ಗಂಜಿಯನ್ನೂ ಮುಟ್ಟಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು, ಆದರೂ ಅವತ್ತು ಆ ನಂಬಿಕೆಯನ್ನು ಪೂರ್ತಿ ನಂಬಿದ್ದೆ. ಇವತ್ತು ಉಣ್ಣದೆ ಕೂತರೆ ಅತ್ತೆ ಈ ವರ್ಷ ದಾಟುವುದಿಲ್ಲ ಎಂದೇ ಅನ್ನಿಸಿತು ನನಗೆ.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಎದ್ದು ಹೊಂಗೆಮರದ ಹತ್ತಿರ ಹೋದರು. ಮಸಿ ಹಿಡಿದ ಡ್ರಮ್ಮಿನ ಮುಂದೆ ನಿಂತರು. ಆಮೇಲೆ ಇದ್ದಕ್ಕಿದ್ದ ಹಾಗೆ ದನಿ ಎತ್ತಿದರು. “ಎದ್ರ್ಕಬ್ಯಾಡ ಎದ್ರ್ಕಬ್ಯಾಡ ಅಂತ ನಂಗ್ ಉಣ್ಸ್ಬುಟ್ಟು ನೀವ್ ಓಗ್ಬುಡದಾ? ಏಳ್ದೆ ಕೇಳ್ದೆ? ಡ್ರೈವ್ರಂತೆ ಡ್ರೈವ್ರು! ಅರ್ಧ ದಾರೀಲಿ ನನ್ ಇಳ್ಸ್ಬುಟ್ಟು ಒಂಟೋದ್ರಲ್ಲ, ನಾಚ್ಕೆ ಆಗಕ್ಕಿಲ್ವ ನಿಮ್ಗೆ?” ಬೀದಿಯವರೆಲ್ಲ ಹೊರಗೆ ಬಂದರು. ಪಕ್ಕದ ಮನೆಯ ಅಜ್ಜಿ ಓಡಿ ಬಂದು ಕೈ ಹಿಡಿದುಕೊಂಡಳು. “ಬ್ಯಾಡ ನಂಜಮ್ಮ, ತೊಡಕು ಕಣವ್ವ ಇವತ್ತು. ಇವತ್ತು ಬೈದ್ರೆ ವರ್ಸೆಲ್ಲ ಬೈಯಂಗಾಯ್ತದೆ.”

“ಆಗ್ಲಿ” ಎಂದರು ಅತ್ತೆ. “ವರ್ಸೆಲ್ಲ ಬೈತೀನಿ. ಅದ್ಕೇಯ ಇವತ್ತೇ ಬೈತಿರದು.”

ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಬೈಯಾಕೂ ಸಕ್ತಿ ಬೇಕು ಮಗ. ಅನ್ನ ಆಕು.”

ನಾನು ಒಳಗೋಡಿ ತಟ್ಟೆ ತುಂಬ ಬಡಿಸಿ ತಂದೆ. ಅತ್ತೆ ಅಲ್ಲೇ ಡ್ರಮ್ಮಿನ ಪಕ್ಕ ಕೂತು, ಅಷ್ಟನ್ನೂ ಉಂಡರು.