ಕುರಿ ಸರದಿಗೆ ನೀರಿನ ನಿಯಮ

ಹೊನ್ನಾಳಿಯ ಮನೆಯಲ್ಲಿ ಕೂತು ನಾನು ನಡೆಸುವ ರೈತರ ಆನ್‌ಲೈನ್ ಚರ್ಚಾತಾಣಕ್ಕೆ ಮೂರು ಪ್ಲಗಿನ್, ಎಂದರೆ ತಾಣಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದಿದ್ದೆ. ಚನ್ನಗಿರಿ ಸೂಳೆಕೆರೆಯ ಕಾಲುವೆ ನೀರಿನ ಸರದಿಗೆ ಒಂದು, ನ್ಯಾಮತಿಯ ಭತ್ತ ಕೊಯ್ಯುವ ಯಂತ್ರಕ್ಕೆ ಒಂದು, ನಾನು ಬೆಳೆದ ಜಗಳೂರು ಕಡೆಯ ಕುರಿಗೆ ಒಂದು. ಅಲ್ಲಿ ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿಮಂದೆ ತಂಗಿಸಿದರೆ ಅದೇ ಗೊಬ್ಬರ. ಅದಕ್ಕೂ ಸರದಿ ಹಿಡಿಯಬೇಕು.

ಒಂದೇ ಕೋಡನ್ನು ಮೂರು ಕಡೆ ಅಂಟಿಸಿಟ್ಟಿದ್ದೆ. ಒಂದರಲ್ಲಿ ತಪ್ಪು ತಿದ್ದಿದರೆ ಉಳಿದೆರಡರಲ್ಲಿ ಮರೆಯುತ್ತಿದ್ದೆ. ಸಾಕಪ್ಪಾ ಸಾಕು ಅನ್ನಿಸಿ, ಮೂರಕ್ಕೂ ಬೇಕಾದದ್ದನ್ನೆಲ್ಲ ಎತ್ತಿ ಒಂದು ತಾಯಿ ಕ್ಲಾಸಿಗೆ, ಎಂದರೆ ಮೂರಕ್ಕೂ ಮೂಲವಾದ ಕೋಡಿಗೆ, ಹಾಕಿದೆ. ಪ್ಲಗಿನ್‌ಗಳು ಅದರ ಮಕ್ಕಳು. ತಾಯಿಗೆ ಕಲಿಸಿದರೆ ಮಕ್ಕಳಿಗೆಲ್ಲ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಖುಷಿಯಲ್ಲೇ ನೀರಿನ ನಿಯಮವೊಂದನ್ನೂ ತಾಯಿಗೆ ಸೇರಿಸಿಬಿಟ್ಟೆ: ಸರದಿ ಬಂದ ದಿನ ಸಂಜೆಯೊಳಗೆ ಫೋನಿನಲ್ಲಿ ‘ಒಪ್ಪಿಗೆ’ ಒತ್ತದಿದ್ದರೆ ಅದು ಮುಂದಿನವರಿಗೆ. ಕಾಲುವೆಯಲ್ಲಿ ನೀರು ಯಾರಿಗೂ ಕಾಯುವುದಿಲ್ಲ, ಸರಿ. ಕುರಿ?

ನಾಲ್ಕನೇ ದಿನ ಬೆಳಿಗ್ಗೆ ಬಿಳಿಚೋಡಿನಿಂದ ದೊಡ್ಡಮ್ಮನ ಫೋನು. ಫೋನಿರುವುದು ಮಾತಾಡಲಿಕ್ಕಷ್ಟೇ ಎಂದು ನಂಬಿದ ಹೆಂಗಸು. ಆಕೆಯ ಹೆಸರನ್ನು ಸರದಿಗೆ ಹಾಕಿದ್ದೇ ನಾನು.

“ಏನವ್ವಾ, ನಂಗೆ ಬರಬೇಕಾದ ಮಂದೆ ಪಕ್ಕದ ಹೊಲದಾಗೆ ಐತೆ! ಕೇಳಿದ್ರೆ, ಫೋನಿನಾಗೆ ನನ್ನ ಸರದಿ ಬಂತು ಅಂತಾನೆ ಆ ಪುಣ್ಯಾತ್ಮ. ನಾಡಿದ್ದು ಕುರಿ ಊರು ಬಿಟ್ಟು ಹೋಗ್ತಾವಂತೆ. ನನ್ನ ಎರಡೆಕರೆ ಹೆಂಗೆ ಬಿತ್ತಲಿ?”

ಎಲ್ಲಾ ಬಣ್ಣ ಮಸಿ ನುಂಗಿತು. ಕುರಿಯವನಿಗೆ ಎಲೆಯಡಿಕೆ ಕೊಟ್ಟರೆ ನಮ್ಮ ಕಡೆ ಮಾತು ಮುಗಿಯಿತು. ಮತ್ತೆ ಯಾರೂ ‘ಒಪ್ಪಿಗೆಯಾ’ ಎಂದು ಕೇಳುವುದಿಲ್ಲ. ದೊಡ್ಡಮ್ಮ ಅದನ್ನು ಎಂದೋ ಕೊಟ್ಟಾಗಿತ್ತು. ಇದನ್ನು ನೋಡುತ್ತಲೇ ಬೆಳೆದವಳು ನಾನು.

ಆ ನಿಯಮವನ್ನು ತಾಯಿಯಿಂದ ಕಿತ್ತು ನೀರಿನ ಪ್ಲಗಿನ್ನಿಗೆ ಮಾತ್ರ ಇಟ್ಟೆ. ಐದು ನಿಮಿಷದ ಕೆಲಸ. ಪಟ್ಟಿಯಲ್ಲಿ ದೊಡ್ಡಮ್ಮನ ಹೆಸರು ವಾಪಸ್ ಬಂತು, ಹೊಲಕ್ಕೆ ಕುರಿ ಬರಬೇಕಲ್ಲ! ಕೈಕಾಲು ಹಿಡಿದಾದರೂ ಒಪ್ಪಿಸೋಣವೆಂದು ಕುರಿಯವನಿಗೆ ಫೋನ್ ಮಾಡಿದೆ.

“ಅಯ್ಯೋ, ನಿಮ್ಮ ದೊಡ್ಡಮ್ಮಾರೇ ಬ್ಯಾಡ ಅಂದ್ರೇನೋ ಅನ್ಕೊಂಡಿದ್ದೆ ಕಣ್ರಿ,” ಎಂದ. “ಎಲೆಯಡಿಕೆ ಇಸ್ಕೊಂಡೋನು ನಾನು, ನಿಮ್ಮ ಕಂಪ್ಯೂಟರಲ್ಲ. ಎರಡು ದಿನ ತಡವಾಗಿ ಹೊರಟ್ರಾತು ಬಿಡ್ರಿ.”

ಸಂಜೆ ಮತ್ತೆ ದೊಡ್ಡಮ್ಮನ ಫೋನು. ಹಿಂದೆ ಕುರಿಗಳ ಗದ್ದಲ. ಬೈಗುಳಕ್ಕೆ ಸಿದ್ಧಳಾಗಿ, “ತಪ್ಪಾತು ದೊಡ್ಡಮ್ಮ,” ಎಂದೆ.

“ಇರ್ಲಿ ಬಿಡವ್ವ. ಮುಂದಿನ ವರ್ಷ ಫೋನಿನಾಗೆ ನನ್ನ ಹೆಸರು ಬರಿಯಾಕೆ ಹೋಗಬ್ಯಾಡ,” ಎಂದರು. “ಕುರಿಯೋನು ಮರೆಯಲ್ಲ.”